ಶನಿವಾರ ಹಾಕಿದ ಕೀಲಿ

ಗ್ರಹಣ ಹಿಡಿದು ಬಿಟ್ಟು ಒಂದು ತಿಂಗಳಾಗಿತ್ತು. 1980ರ ಮಾರ್ಚ್. ಮಾನ್ವಿಯ ಶಾಲೆಗಳು ಬಿಸಿಲಿಗೆ ಹೆದರಿ ಬೆಳಗಿನ ಹೊತ್ತಿಗೆ ಬದಲಾಗಿದ್ದವು. ಹನ್ನೊಂದೂವರೆಗೆ ಗಂಟೆ ಹೊಡೆದರೆ ಮಕ್ಕಳು ಪಾಟಿಚೀಲವನ್ನು ತಲೆಯ ಮೇಲಿಟ್ಟುಕೊಂಡು ನೆರಳು ಹುಡುಕುತ್ತ ಮನೆಗೆ ಓಡುತ್ತಿದ್ದರು. ಆ ವಾರ ಭಾನುವಾರ ಅಮಾವಾಸ್ಯೆ, ಸೋಮವಾರ ಯುಗಾದಿ. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿದ ಶಾಲೆ ತೆರೆಯುವುದು ಮಂಗಳವಾರವೇ.

ಶನಿವಾರ ಸಂಜೆ ಅಕ್ಕಿ ಗಿರಣಿಯ ಮಾಲೀಕ ಹಂಪಣ್ಣನ ಹೆಂಡತಿ ನೀಲಗಂಗಮ್ಮ ಮಗಳಿಗೆ ಊಟಕ್ಕೆ ಬಡಿಸುತ್ತಿದ್ದಳು. ಮಗಳು ಸೂಗಮ್ಮ ಒಂಬತ್ತನೇ ತರಗತಿಯಲ್ಲಿದ್ದಳು. ಶಾಲೆ ಬಿಟ್ಟ ಕೂಡಲೇ ಅಪ್ಪನ ಜೀಪಿನಲ್ಲಿ ಹಬ್ಬದ ಬಟ್ಟೆ ತರಲು ರಾಯಚೂರಿಗೆ ಹೋಗಿದ್ದವಳು ಆಗಷ್ಟೇ ಮರಳಿದ್ದಳು. ಹೊಸ ಲಂಗದ ಪೊಟ್ಟಣ ಪಕ್ಕದಲ್ಲೇ ಇತ್ತು. ಆಗ ತಲೆಬಾಗಿಲ ಹೊರಗೆ ಗೋಪಮ್ಮನ ದನಿ ಕೇಳಿಸಿತು. ಗೋಪಮ್ಮ ಗಿರಣಿಯ ಅಂಗಳದಲ್ಲಿ ತೌಡು ಕೇರುವ ಹೆಣ್ಣಾಳು. ಅವಳ ಗಂಡ ಮೂಕಪ್ಪ ಅಲ್ಲೇ ಮೂಟೆ ಹೊರುತ್ತಿದ್ದ. ಅವರ ಮಗಳು ಮಾನಮ್ಮ ಸೂಗಮ್ಮನ ತರಗತಿಯವಳು.

"ಅವ್ವಾರ, ನಮ್ಮ ಮಾನಮ್ಮ ಇಲ್ಲೇನರ ಬಂದಾಳೇನ್ರಿ? ಸಾಲಿ ಬಿಟ್ಟು ಎಷ್ಟೊತ್ತಾತು, ಮನಿಗೇ ಬಂದಿಲ್ರಿ."

"ಇಲ್ಲಿಗ್ಯಾಕ ಬರ್ತಾಳ?" ಎನ್ನುತ್ತ ಬಾಗಿಲಿಗೆ ಬಂದ ನೀಲಗಂಗಮ್ಮ ಒಳಗೆ ತಿರುಗಿ ಕೂಗಿದಳು. "ಸೂಗಿ, ಮಾನಮ್ಮ ಎಲ್ಲಿ ಹೋದ್ಲು ನೋಡಿದೇನು?"

ಒಳಗೆ ತಟ್ಟೆಯ ಸದ್ದು ನಿಂತಿತು. ಆಮೇಲೆ, "ನಾ ನೋಡಿಲ್ಲಬೇ" ಎಂದಳು ಸೂಗಮ್ಮ.

ಗೋಪಮ್ಮ ಹೋದಳು. ನೀಲಗಂಗಮ್ಮ ಗಿರಣಿಯ ನಾಲ್ಕು ಆಳುಗಳನ್ನು ಹುಡುಕಲು ಕಳಿಸಿದಳು. ಅವರು ಬಸ್‌ಸ್ಟ್ಯಾಂಡ್, ಸಂತೆ ಬಯಲು, ಸಿರವಾರದ ರಸ್ತೆಯಲ್ಲೆಲ್ಲ ವಿಚಾರಿಸಿ ಬರಿಗೈಯಲ್ಲಿ ಬಂದರು. ಶಾಲೆಯ ಹತ್ತಿರವೂ ಹೋಗಿದ್ದರು. ಗೇಟಿಗೆ ಕೀಲಿ ಬಿದ್ದಿತ್ತು, ಒಳಗೆ ಯಾರ ಸುಳಿವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯ ಗಂಡಸರು ಬಾವಿಗಳಿಗೆ ಕೊಕ್ಕೆಗಳ ಪಾತಾಳಗರಡಿ ಇಳಿಸಿದರು. ಇನ್ನು ಕೆಲವರು ಕಾಲುವೆಯ ದಂಡೆ ಹಿಡಿದು ನೀರು ನೋಡುತ್ತ ಹೊರಟರು. ಒಂದು ತಂಬಿಗೆ ಮಜ್ಜಿಗೆ ಹಿಡಿದು ನೀಲಗಂಗಮ್ಮ ತಾನೂ ಕಾಲುವೆಯ ಕಡೆ ಹೋದಳು. ದಂಡೆಯ ಮೇಲೆ ಗೋಪಮ್ಮ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಅಳುತ್ತಿರಲಿಲ್ಲ. ನೀರಿನಲ್ಲಿ ಏನು ತೇಲಿಬಂದರೂ, ಒಂದು ಚಿಂದಿ ಬಟ್ಟೆಯಾದರೂ, ಅರ್ಧ ಎದ್ದು ನೋಡಿ ಮತ್ತೆ ಕೂರುತ್ತಿದ್ದಳು. ಹಿಂದೆ ನಿಂತ ಇಬ್ಬರು ಹೆಂಗಸರು, "ವಯಸ್ಸಿಗೆ ಬಂದ ಹುಡುಗಿ, ಯಾರ ಜೋಡಿ ಹೋದ್ಲೋ ಏನೋ" ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ತನಗೂ ಕೇಳಿಸಿತೆಂಬಂತೆ ಮೂಕಪ್ಪ ತಲೆ ತಗ್ಗಿಸಿದ. ನೀಲಗಂಗಮ್ಮ ಗೋಪಮ್ಮನ ಕೈಗೆ ಮಜ್ಜಿಗೆ ಕೊಟ್ಟಳು. ಅವಳು ತಂಬಿಗೆ ಹಿಡಿದುಕೊಂಡಳು, ಕುಡಿಯಲಿಲ್ಲ.

ಸುಡುಬಿಸಿಲಿಗೆ ಅಲ್ಲಿ ನಿಲ್ಲಲಾರದೆ ನೀಲಗಂಗಮ್ಮ ಹನ್ನೆರಡರ ಸುಮಾರಿಗೆ ಮನೆಗೆ ಬಂದಳು. ಹಿತ್ತಲ ಬಾಗಿಲಿಂದ ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಬಚ್ಚಲ ಗೋಡೆಯ ಆಚೆ ಯಾರೋ ಬಿಕ್ಕುವ ಸದ್ದು ಕೇಳಿ ನಿಂತಳು. ಆ ದನಿ ದರ್ಜಿಯ ಮಗಳು ಅಸ್ಮತ್‌ಳದು. ಸೂಗಮ್ಮನ ಗೆಳತಿ, ದಿನಾ ಮನೆಗೆ ಬರುವವಳು.

"ಸೂಗಿ, ನಿನ್ನ ಕಾಲ್ ಬೀಳ್ತೀನಿ, ಕೀಲಿ ಕೊಡು. ನಾ ತೆಗೀತೀನಿ. ನಿನ್ನ ಹೆಸರು ಹೇಳಂಗಿಲ್ಲ."

"ಈಗ ತೆಗದ್ರ ಎಲ್ಲಾರಿಗೂ ಗೊತ್ತಾಗ್ತದ."

"ಅಕಿ ಸತ್ತುಗಿತ್ತು ಹೋದ್ರ?"

"ಸುಮ್ನಿರು. ಸಾಯಂಗಿಲ್ಲ. ಮಂಗಳವಾರ ಕೀಲಿ ಕೊಟ್ರ ಜವಾನ ಗುಡುಸಾಬ ತೆಗೀತಾನ."

ನೀಲಗಂಗಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆ ಮಾತುಗಳು ಕಿವಿಗೆ ಬಿದ್ದಿದ್ದವು, ಆದರೆ ಅವು ತನ್ನ ಮಗಳ ಬಾಯಿಂದ ಬಂದವು ಎನ್ನುವುದು ತಲೆಗೆ ಇಳಿಯಲಿಲ್ಲ. ಗೋಡೆ ಹಿಡಿದುಕೊಂಡು ಆಚೆಗೆ ಬಂದಳು. ಅವಳನ್ನು ಕಂಡದ್ದೇ ಅಸ್ಮತ್ ಗೋಡೆಗೆ ಸರಿದಳು. ಸೂಗಮ್ಮನ ಮುಖ ಸುಣ್ಣ ಬಳಿದಂತಾಯಿತು.

"ಯಾರು ಸಾಯಂಗಿಲ್ಲ?" ಎಂದಳು ನೀಲಗಂಗಮ್ಮ. ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

ಅಸ್ಮತ್‌ಳೇ ಹೇಳಿದಳು. ಶಾಲೆಯ ಮೈದಾನದ ತುದಿಯಲ್ಲಿ ಜಾಲಿ ಗಿಡಗಳ ಹಿಂದೆ ಆಟದ ಸಾಮಾನಿಡುವ ತಗಡಿನ ಕೋಣೆಯಿದೆ. ಅದರ ಕೀಲಿ ಆಟದ ಲೀಡರ್ ಆದ ಸೂಗಮ್ಮನ ಕೈಯಲ್ಲಿರುತ್ತದೆ. ನಿನ್ನೆ ಶಾಲೆ ಬಿಟ್ಟಮೇಲೆ ನೆಟ್ ಇಟ್ಟು ಬಾ ಎಂದು ಮಾನಮ್ಮನನ್ನು ಒಳಗೆ ಕಳಿಸಿ ಹೊರಗಿನಿಂದ ಕೀಲಿ ಹಾಕಿದ್ದರು. ಅರ್ಧ ತಾಸು ಹೆದರಿಸಿ ಬಿಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಗೇಟಿನ ಮುಂದೆ ಹಂಪಣ್ಣನ ಜೀಪು ಬಂದು ಹಾರ್ನ್ ಹೊಡೆಯಿತು. ಸೂಗಮ್ಮ ಕೀಲಿಯ ಸಮೇತ ಹತ್ತಿ ರಾಯಚೂರಿಗೆ ಹೋಗಿಬಿಟ್ಟಳು.

"ನಿನ್ನಿ ಸಂಜಿಕ ಗೋಪಮ್ಮ ಬಂದಾಗ..." ಎಂದು ನೀಲಗಂಗಮ್ಮ ಮಗಳತ್ತ ನೋಡಿದಳು. "ಕೀಲಿ ಎಲ್ಲದ?"

ಕೀಲಿ ಹೊಸ ಲಂಗದ ಪೊಟ್ಟಣದ ಕೆಳಗಿತ್ತು.

ನೀಲಗಂಗಮ್ಮ ಆ ಮನೆಗೆ ಸೊಸೆಯಾಗಿ ಬಂದ ಹದಿನೇಳು ವರ್ಷಗಳಲ್ಲಿ ಬಜಾರದೊಳಗೆ ನಡೆದು ಹೋದವಳಲ್ಲ. ಅಂದು ಚಪ್ಪಲಿಯೂ ಇಲ್ಲದೆ, ತಲೆಯ ಮೇಲೆ ಸೆರಗೂ ಇಲ್ಲದೆ ಓಡಿದಳು. ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ನೀರಿನ ಕೊಡಪಾನ. ಹಬ್ಬದ ಸಾಮಾನು ಕೊಳ್ಳುತ್ತಿದ್ದ ಜನ ಬೆರಗಾಗಿ ದಾರಿ ಬಿಟ್ಟರು. "ಸಾವಕಾರ್ರ ಮನ್ಯಾರಿಗೆ ಏನಾತು?" ಎಂದು ಯಾರೋ ಕೇಳಿದ್ದು ಬೆನ್ನ ಹಿಂದೆಯೇ ಉಳಿಯಿತು. ಅಸ್ಮತ್ ಅಳುತ್ತ ಹಿಂದೆ ಓಡಿ ಬರುತ್ತಿದ್ದಳು. ಶಾಲೆಯ ಕಾಂಪೌಂಡು ಒಂದು ಕಡೆ ಬಿದ್ದಿತ್ತು. ಅಲ್ಲಿಂದ ಹತ್ತಿ ಇಳಿದರು.

ತಗಡಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಸದ್ದಿಲ್ಲ. "ಮಾನಮ್ಮಾ!" ಎಂದು ಕೂಗಿದಳು. ಕೀಲಿ ತಿರುವಿದಳು. ಬಾಗಿಲು ತೆರೆದಾಗ ಒಳಗಿನ ಝಳ ಒಲೆಯ ಬಾಯಿಯಿಂದ ಬಂದಂತೆ ಮುಖಕ್ಕೆ ಬಡಿಯಿತು. ಮಾನಮ್ಮ ಹೊಸ್ತಿಲ ಹತ್ತಿರವೇ ಮುದುಡಿ ಬಿದ್ದಿದ್ದಳು. ಬಾಗಿಲ ಕೆಳಗಿನ ಸಂದಿಗೆ ಮುಖ ಹಚ್ಚಿದ್ದಳು, ಗಾಳಿಗಾಗಿ ಇರಬೇಕು. ತುಟಿ ಒಡೆದು ಕಪ್ಪಾಗಿದ್ದವು. ಎರಡು ಬೆರಳಿನ ಉಗುರು ಕಿತ್ತು ಬಂದಿತ್ತು. ಬಾಗಿಲ ಒಳಮೈಯ ಮೇಲೆ ಒಣಗಿದ ರಕ್ತದ ಗೀರುಗಳು.

ನೀಲಗಂಗಮ್ಮ ಸೆರಗು ಒದ್ದೆ ಮಾಡಿ ತುಟಿಗೆ ಹಿಂಡಿದಳು. ಹುಡುಗಿಯ ಗಂಟಲು ಒಂದು ಸಲ ಅಲುಗಿತು.

"ಜೀವ ಅದ," ಎಂದಳು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ. "ಜೀವ ಅದ, ಜೀವ ಅದ."

ಗಿರಣಿಯ ಜೀಪಿನಲ್ಲೇ ಊರ ದವಾಖಾನೆಗೆ, ಅಲ್ಲಿಂದ ರಾಯಚೂರಿನ ದೊಡ್ಡ ದವಾಖಾನೆಗೆ ಒಯ್ದರು. ಗೋಪಮ್ಮನ ತೊಡೆಯ ಮೇಲೆ ಹುಡುಗಿಯ ತಲೆ, ನೀಲಗಂಗಮ್ಮನ ಮಡಿಲಲ್ಲಿ ಕಾಲು. ಗೋಪಮ್ಮನಿಗೆ ಆಗ ಗೊತ್ತಿದ್ದದ್ದು ಇಷ್ಟೇ: ಮಗಳು ಶಾಲೆಯ ಕೋಣೆಯಲ್ಲಿ ಸಿಕ್ಕಳು, ಸಾವಕಾರ್ತಿ ಹುಡುಕಿ ಕೊಟ್ಟಳು. ಮಾನ್ವಿಯಿಂದ ರಾಯಚೂರಿನವರೆಗೂ ಅವಳು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅವ್ವಾರ, ನಿಮ್ಮ ಮಕ್ಳು ನೂರು ವರ್ಷ ಬಾಳ್ಲಿ" ಎಂದು ಹರಸುತ್ತಲೇ ಇದ್ದಳು. ಪ್ರತಿ ಹರಕೆಗೂ ನೀಲಗಂಗಮ್ಮನ ಎದೆಯಲ್ಲಿ ಕಲ್ಲು ಉರುಳಿದಂತಾಗುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದಳು. ಆಗಲಿಲ್ಲ.

"ಇಪ್ಪತ್ತೈದು ತಾಸು ನೀರಿಲ್ದ ಇದ್ದಾಳ," ಎಂದರು ಡಾಕ್ಟರು. "ಇನ್ನೆರಡು ತಾಸು ತಡ ಮಾಡಿದ್ರ ನಾವು ಮಾಡೂದೇನೂ ಇರ್ತಿರ್ಲಿಲ್ಲ."

ಸೋಮವಾರ ನೀಲಗಂಗಮ್ಮ ಮನೆಗೆ ಬಂದಾಗ ಪಡಸಾಲೆಯಲ್ಲಿ ಹೆಡ್‌ಮಾಸ್ತರರು ಕುಳಿತಿದ್ದರು. ಹಂಪಣ್ಣ ಅವರಿಗೆ ಹೋಳಿಗೆ ಹಾಕಿಸಿದ್ದ. ಎಲ್ಲವೂ ತೀರ್ಮಾನವಾಗಿತ್ತು. ಹುಡುಗಿ ನೆರಳಿಗೆಂದು ಕೋಣೆಯೊಳಗೆ ಹೋಗಿ ನಿದ್ದೆ ಮಾಡಿದ್ದಳು, ಜವಾನ ಗುಡುಸಾಬ ನೋಡದೆ ಕೀಲಿ ಹಾಕಿದ. ಗುಡುಸಾಬನನ್ನು ಕೆಲಸದಿಂದ ತೆಗೆದರೆ ಮುಗಿಯಿತು.

"ಜೀಪ್ ಹತ್ತುವಾಗ ಗುಡುಸಾಬ ಕೀಲಿ ಕೇಳಿದ್ನಂತ, ಅಸ್ಮತ್ ಹೇಳ್ಯಾಳ," ಎಂದಳು ನೀಲಗಂಗಮ್ಮ ಗಂಡನಿಗೆ. "ನಾ ಹಾಕೀನಿ, ಮಂಗಳವಾರ ಕೊಡ್ತೀನಿ ಅಂದಾಳ ನಿಮ್ಮ ಮಗಳು. ಸಾವಕಾರ್ರ ಮಗಳಿಗೆ ಅಂವ ಎದುರು ಮಾತಾಡ್ಲಿಲ್ಲ. ಅದು ಅವನ ತಪ್ಪೇನು?"

"ಮಕ್ಕಳಾಟ ಅವ್ವಾರ," ಎಂದರು ಹೆಡ್‌ಮಾಸ್ತರರು. "ದೊಡ್ಡದು ಮಾಡಬಾರ್ದು. ನಿಮ್ಮ ಹುಡುಗಿ ಹೆಸರು ಹಾಳಾಗ್ತದ."

"ಕಾಲುವಿ ದಂಡಿ ಮ್ಯಾಲ ಅವರ ಹುಡುಗಿ ಹೆಸರು ಏನಾಗಾಕತ್ತಿತ್ತು, ಗೊತ್ತದ ಏನ್ರಿ?"

"ಏ, ಒಳಗ ನಡಿ," ಎಂದ ಹಂಪಣ್ಣ. ಅವನ ಕಣ್ಣು ಹೆಂಡತಿಯ ಕಣ್ಣನ್ನು ತಪ್ಪಿಸಿದವು. ದಿನ ಬೆಳಗಾದರೆ ಮನೆದೇವರು ಸೂಗುರೇಶ್ವರನ ಫೋಟೋಕ್ಕೆ ವಿಭೂತಿ ಹಚ್ಚದೆ ಹನಿ ನೀರು ಮುಟ್ಟದ ಗಂಡ, ಬೇವುಬೆಲ್ಲ ತಿಂದ ಬಾಯಲ್ಲೇ ಇಷ್ಟು ಸಲೀಸಾಗಿ ಸುಳ್ಳು ಹೊಂದಿಸಿ ಕುಳಿತದ್ದು ಕಂಡು ಅವಳು ಗರ ಬಡಿದಂತೆ ನಿಂತಳು. ಮಗಳಿಗೆ ಈ ಎದೆಗಾರಿಕೆ ಎಲ್ಲಿಂದ ಬಂತೆಂದು ಬೇರೆಲ್ಲೂ ಹುಡುಕಬೇಕಿರಲಿಲ್ಲ.

ಒಳಗೆ ಸೂಗಮ್ಮ ಮೂಲೆಯಲ್ಲಿ ಕುಳಿತಿದ್ದಳು. ನೀಲಗಂಗಮ್ಮ ಹೊಡೆಯಲಿಲ್ಲ. ಎದುರಿಗೆ ಕುಳಿತು ಕೇಳಿದಳು.

"ಅಕಿ ನಿನಗೇನು ಮಾಡಿದ್ಲು?"

ಸೂಗಮ್ಮ ಹೇಳಿದಳು. ಗಣಿತದ ಪರೀಕ್ಷೆಯಲ್ಲಿ ಮಾನಮ್ಮನಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಮಾಸ್ತರರು ಎಲ್ಲರೆದುರು, "ಸೂಗಮ್ಮ, ನೀ ಮಾನಮ್ಮನ ಕಡೆ ಲೆಕ್ಕ ಹೇಳಿಸ್ಕೊ" ಎಂದಿದ್ದರು.

"ಅಷ್ಟಕ್ಕ?"

"ನಮ್ಮ ಗಿರಣ್ಯಾಗ ತೌಡು ಕೇರೋರ ಮಗಳ ಕಡೆ ನಾ ಹೇಳಿಸ್ಕೋಬೇಕೇನಬೇ?"

ಆ ಮಾತು ಕೇಳಿ ನೀಲಗಂಗಮ್ಮನಿಗೆ ಬೇರೊಂದು ದಿನ ಕಣ್ಮುಂದೆ ಬಂತು. ಮಗಳು ಊಟಕ್ಕೆ ಕುಳಿತು, ಮಾನಮ್ಮ ಲಂಗದ ತೌಡು ಜಾಡಿಸುವುದನ್ನು ಅಣಕಿಸಿ ತೋರಿಸಿದ್ದಳು. "ನಾವೆಲ್ಲ ಅಕಿಗೆ ತೌಡವ್ವ ಅಂತೀವಿ" ಎಂದಿದ್ದಳು. ಮನೆಯವರೆಲ್ಲ ನಕ್ಕಿದ್ದರು. ಬಡಿಸುತ್ತಿದ್ದ ತಾನೂ ನಕ್ಕಿದ್ದಳು.

ಬುಧವಾರ ಬೆಳಿಗ್ಗೆ ಗಂಡನಿಗೆ ಹೇಳದೆ ಮಗಳ ಕೈ ಹಿಡಿದು ಸರ್ಕಾರಿ ಬಸ್ ಹತ್ತಿ ರಾಯಚೂರಿಗೆ ಹೋದಳು. ದವಾಖಾನೆಯ ಹಾಸಿಗೆಯ ಮೇಲೆ ಮಾನಮ್ಮ ದಿಂಬಿಗೊರಗಿ ಕುಳಿತಿದ್ದಳು. ಬೆರಳುಗಳಿಗೆ ಪಟ್ಟಿ. ಗೋಪಮ್ಮ, ಮೂಕಪ್ಪ ಇಬ್ಬರೂ ನೆಲದ ಮೇಲಿದ್ದರು. ನೀಲಗಂಗಮ್ಮನನ್ನು ಕಂಡು ಎದ್ದು ನಿಂತರು.

"ಕೂಡ್ರಿ," ಎಂದು ಅವಳು ತಾನೂ ನೆಲಕ್ಕೆ ಕುಳಿತಳು. "ನನಗ ಹರಸಿದ್ದೆಲ್ಲಾ ವಾಪಸ್ ತಗೋ ಗೋಪಮ್ಮ. ಕೀಲಿ ಹಾಕಿದಾಕಿ ನನ್ನ ಮಗಳು."

ಗೋಪಮ್ಮ ಅರ್ಥವಾಗದವಳಂತೆ ಅವಳನ್ನು, ಆಮೇಲೆ ಸೂಗಮ್ಮನನ್ನು, ಆಮೇಲೆ ತನ್ನ ಮಗಳನ್ನು ನೋಡಿದಳು. ಮಾನಮ್ಮ ಕಣ್ಣು ಕೆಳಗೆ ಹಾಕಿದಳು. ಅವಳು ಮೂರು ದಿನದಿಂದ ಯಾರ ಹೆಸರನ್ನೂ ಹೇಳಿರಲಿಲ್ಲ. ಅಪ್ಪ, ಅವ್ವ ಇಬ್ಬರ ಕೂಳೂ ಅದೇ ಗಿರಣಿಯಲ್ಲಿತ್ತು.

"ಶನಿವಾರ ಸಂಜಿಕ ನಾ ನಿಮ್ಮ ಬಾಗಿಲಿಗೆ ಬಂದಿದ್ದೆ," ಎಂದಳು ಗೋಪಮ್ಮ ಸೂಗಮ್ಮನಿಗೆ, ಮೆಲ್ಲಗೆ. "ನೀ ಒಳಗ ಉಣ್ಣಾಕತ್ತಿದ್ದಿ. ಹೌದಿಲ್ಲೋ?"

ಸೂಗಮ್ಮ ತಲೆಯಾಡಿಸಿದಳು.

"ನನ್ನ ದನಿ ಕೇಳಿತ್ತು?"

"ಕೇಳಿತ್ತು."

"ಮತ್ತ ಹೆಂಗ ಉಂಡೆವ್ವಾ?"

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದಂತಿತ್ತು. ಸೂಗಮ್ಮ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಗೋಡೆಗೆ ಹಣೆ ಹಚ್ಚಿ, ನಿಲ್ಲಿಸಲಾಗದಂತೆ ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

"ಅಕಿನ್ನ ಹೊರಗ ಕಳಸ್ರಿ," ಎಂದಳು ಮಾನಮ್ಮ. "ಅಕಿ ಅಳೂದು ನನಗ ನೋಡೂದು ಬ್ಯಾಡ."

ಸೂಗಮ್ಮ ಹೊರಗೆ ಹೋದ ಮೇಲೆ ಮಾನಮ್ಮ ಒಂದೊಂದಾಗಿ ಹೇಳಿದಳು. ಬೆಂಚಿನ ಮೇಲೆ ತೌಡು ಸುರಿದು ಇಟ್ಟದ್ದು, ಅವಳು ನೀರು ಕುಡಿದ ಲೋಟವನ್ನು ಎಲ್ಲರೆದುರು ಮಣ್ಣಿನಿಂದ ತಿಕ್ಕಿದ್ದು, ಇತಿಹಾಸದ ನೋಟ್‌ಬುಕ್ ಪಾಯಖಾನೆಗೆ ಎಸೆದದ್ದು. ಎರಡು ವರ್ಷದಿಂದ ನಡೆದಿತ್ತು. ಒಬ್ಬ ಮಾಸ್ತರರಿಗೆ ಹೇಳಿದ್ದಳಂತೆ. ಅವರು, "ನೀ ಲಕ್ಷ್ಯ ಕೊಡಬ್ಯಾಡ" ಎಂದಿದ್ದರಂತೆ. ಗೋಪಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಗೂ ಇದೆಲ್ಲ ಮೊದಲ ಸಲ ಗೊತ್ತಾಗುತ್ತಿತ್ತು.

"ಪೊಲೀಸ್ ಫೌಜುದಾರ್ರ ಕಡೆ ಹೋಗ್ರಿ," ಎಂದಳು ನೀಲಗಂಗಮ್ಮ ಮೂಕಪ್ಪನಿಗೆ. "ನಾ ಸಾಕ್ಷಿ ಹೇಳ್ತೀನಿ."

ಮೂಕಪ್ಪ ಮಗಳ ಪಟ್ಟಿ ಕಟ್ಟಿದ ಬೆರಳು ನೋಡಿದ. ಆಮೇಲೆ, "ನಮಗ ಕೋರ್ಟು ಕಚೇರಿ ಬ್ಯಾಡ್ರಿ ಅವ್ವಾರ. ಆದ್ರ ನಿಮ್ಮ ಗಿರಣಿನೂ ಬ್ಯಾಡ," ಎಂದ.

ಗುಡುಸಾಬನ ತಪ್ಪಿಲ್ಲವೆಂದು ನೀಲಗಂಗಮ್ಮ ತಾನೇ ಬರೆದು, ಸಹಿ ಹಾಕಿ, ಹೆಡ್‌ಮಾಸ್ತರರ ಮೇಜಿನ ಮೇಲೆ ಇಟ್ಟಳು. "ಇದನ್ನ ನೀವು ಹರಿದ್ರ ಇನ್ನೊಂದು ಬರದು ರಾಯಚೂರಿನ ಶಿಕ್ಷಣ ಇಲಾಖೆ ಸಾಹೇಬ್ರಿಗೆ ಕಳಸ್ತೀನಿ" ಎಂದಳು. ಗುಡುಸಾಬನ ಕೆಲಸ ಉಳಿಯಿತು. ಸೂಗಮ್ಮ ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಿದಳು. ಆ ವರ್ಷದ ಪರೀಕ್ಷೆಗೆ ಅವಳನ್ನು ಕೂರಿಸಲಿಲ್ಲ. ಹಂಪಣ್ಣ ಮೂರು ತಿಂಗಳು ಹೆಂಡತಿಯೊಡನೆ ಮಾತು ಬಿಟ್ಟ. ಓಣಿಯ ಹೆಂಗಸರು, ಹೆತ್ತ ಮಗಳನ್ನೇ ಬಜಾರಿಗೆ ತಂದಳೆಂದು ಆಡಿಕೊಂಡರು.

ಮೂಕಪ್ಪನ ಸಂಸಾರ ದೇವದುರ್ಗಕ್ಕೆ, ಗೋಪಮ್ಮನ ತಮ್ಮನ ಮನೆಗೆ ಹೋಯಿತು. ಜೂನ್ ತಿಂಗಳಲ್ಲಿ ನೀಲಗಂಗಮ್ಮ ಒಬ್ಬಳೇ ಅಲ್ಲಿಗೆ ಹೋದಳು. ಮಾನಮ್ಮ ಅಲ್ಲಿನ ಶಾಲೆಗೆ ಹತ್ತನೇ ತರಗತಿಗೆ ಸೇರಿದ್ದಳು. ಒಂದು ಉಗುರು ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವಳೇ ಚಹಾ ತಂದುಕೊಟ್ಟು ಹೊಸ್ತಿಲಿಗೆ ಒರಗಿ ನಿಂತಳು.

"ಸೂಗಮ್ಮ ಒಂದು ಚೀಟಿ ಕೊಟ್ಟಾಳ," ಎಂದಳು ನೀಲಗಂಗಮ್ಮ.

"ಬ್ಯಾಡ್ರಿ."

ನೀಲಗಂಗಮ್ಮ ಚೀಟಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಒತ್ತಾಯ ಮಾಡಲಿಲ್ಲ.

"ಅಸ್ಮತ್ ಹೋದವಾರ ಬಂದಿದ್ಲು," ಎಂದಳು ಮಾನಮ್ಮ ತಾನಾಗಿಯೇ. "ಅವತ್ತು ಮಧ್ಯಾಹ್ನ ಅಕಿ ತಿರುಗಿ ಬಂದು ಬಾಗಲ ಬಡದಿದ್ಲು. ಕೀಲಿ ತರ್ತೀನಿ ತಡಿ ಅಂದು ಹೋದ್ಲು. ನಾ ಅಕಿ ದಾರಿ ನೋಡಿದೆ. ಪೂರಾ ನೋಡಿದೆ. ಸೂಗಮ್ಮ ಬರ್ತಾಳಂತ ನಾ ಅನ್ಕೊಂಡಿರ್ಲೇ ಇಲ್ರಿ." ಉಗುರು ಬಾರದ ಬೆರಳನ್ನು ಸವರಿಕೊಂಡಳು. "ಹೋದವಾರ ಅಸ್ಮತ್ ಕಾಲ್ ಹಿಡಕೊಂಡು ಅತ್ಲು. ಸೂಗಿಗೆ ಹೆದರಿದ್ದೆ ಅಂದ್ಲು. ನಾ ಅಂದೆ, ಕೀಲಿ ಇಲ್ಲಂದ್ರ ಊರಾಗ ಒದರಬೇಕಿತ್ತು. ಒಬ್ಬರಿಗರ ಹೇಳಬೇಕಿತ್ತು ಅಂದೆ."

ಮರಳುವ ಬಸ್ಸಿನಲ್ಲಿ ನೀಲಗಂಗಮ್ಮನಿಗೆ ತಾನೂ ಎರಡು ವರ್ಷ ಏನನ್ನೂ ನೋಡದೆ ಮಗಳ ತಟ್ಟೆಗೆ ಬಡಿಸುತ್ತಿದ್ದುದು ನೆನಪಾಗಿ, ಕಿಟಕಿಯಾಚೆ ಕರಿಮಣ್ಣಿನ ಹೊಲಗಳು ಸರಿದರೂ ಕಣ್ಣಿಗೆ ಏನೂ ಕಾಣಲಿಲ್ಲ.

ಸೂಗಮ್ಮ ಮತ್ತೆ ಒಂಬತ್ತನೇ ತರಗತಿಗೆ ಹೋಗತೊಡಗಿದಳು. ಜುಲೈ ತಿಂಗಳ ಒಂದು ಸಂಜೆ ಅವಳ ಬಿಳಿ ಅಂಗಿಯ ಬೆನ್ನಿನ ಮೇಲೆ ಮಸಿಯಿಂದ ದೊಡ್ಡದಾಗಿ 'ಕೀಲಿ' ಎಂದು ಬರೆದಿತ್ತು. ನೀಲಗಂಗಮ್ಮ ಬೆಚ್ಚಿಬಿದ್ದಳು. ಕೇಳಿದರೆ, ತಿಂಗಳಿಂದಲೂ ನಡೆದಿದೆ ಎಂದಳು ಮಗಳು. ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಹೊರಗೆ ಹೊರಟರೆ ಬಾಗಿಲು ಹಾಕಿ ನಗುತ್ತಾರೆ. ಹೋದ ವರ್ಷ ಅವಳ ಜೊತೆ ನಿಂತು ನಗುತ್ತಿದ್ದವರ ತಂಗಿಯರೇ ಹೆಚ್ಚು.

"ಯಾಕ ಹೇಳ್ಲಿಲ್ಲ?"

"ನನಗ ಆಗಬೇಕಾದ್ದೇ ಅಲ್ಲೇನಬೇ?"

ನೀಲಗಂಗಮ್ಮ ಮಗಳ ಮುಖವನ್ನೇ ನೋಡಿದಳು. ಮಾರ್ಚ್ ತಿಂಗಳಿಂದ ಅವಳನ್ನು ಹೀಗೆ ಹತ್ತಿರದಿಂದ ನೋಡಿರಲಿಲ್ಲ.

"ಅಲ್ಲ," ಎಂದಳು. "ನೀ ಮಾಡಿದ್ದಕ್ಕ ಶಿಕ್ಷಾ ಬ್ಯಾರೆ ಅದ. ಅದು ನಿನ್ನ ಜೋಡಿ ಇರ್ತದ, ನಾ ತಗಿಯಾಕ ಆಗಂಗಿಲ್ಲ. ಇದು ಅದಲ್ಲ. ಅವತ್ತು ಮಾನಮ್ಮಗ ಮಾಡಿದ್ದೇ ಇದು. ಅವತ್ತು ನನಗ ಕಾಣಲಿಲ್ಲ, ಇವತ್ತು ಕಂಡದ. ನಾಳಿ ನಾ ಸಾಲಿಗೆ ಬರ್ತೀನಿ."

ಮರುದಿನ ಅವಳು ಹೋದಾಗ ಊಟದ ಬಿಡುವಿತ್ತು. ಮೈದಾನದಲ್ಲಿ ಹುಡುಗಿಯರ ಗುಂಪು ಸೇರಿತ್ತು. ನಡುವೆ ಸೂಗಮ್ಮ ತಲೆ ತಗ್ಗಿಸಿ ನಿಂತಿದ್ದಳು, ಬೆನ್ನ ಮೇಲೆ ಮತ್ತೆ ಮಸಿ. ಅವಳ ಮುಂದೆ, ಎರಡೂ ಕೈ ಚಾಚಿ ಅಸ್ಮತ್ ನಿಂತಿದ್ದಳು. ಹತ್ತನೇ ತರಗತಿಯ ಆ ಮೆತ್ತಗಿನ ಹುಡುಗಿ ಗಂಟಲು ಹರಿಯುವಂತೆ ಒದರುತ್ತಿದ್ದಳು. "ಯಾರು ಬರ್ದೀರಿ ಹೇಳ್ರಿ! ನಾ ಸುಮ್ಮನಿರಂಗಿಲ್ಲ! ಹೆಡ್‌ಮಾಸ್ತರಿಗೆ ಹೇಳ್ತೀನಿ, ನಿಮ್ಮ ನಿಮ್ಮ ಮನಿಗೆ ಬಂದು ಹೇಳ್ತೀನಿ!" ಗದ್ದಲಕ್ಕೆ ಮಾಸ್ತರರ ಕೋಣೆಯಿಂದ ಇಬ್ಬರು ಹೊರಗೆ ಬಂದರು. ಗುಂಪು ಚದುರಿತು.

ಅಸ್ಮತ್ ಸೂಗಮ್ಮನ ಕಡೆ ತಿರುಗಿಯೂ ನೋಡದೆ ತನ್ನ ತರಗತಿಗೆ ಹೋದಳು. ಮಾರ್ಚ್‌ನಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ.

ಸೂಗಮ್ಮ ತಾಯಿಯ ಹತ್ತಿರ ಬಂದಳು. "ನಾ ಅಕಿನ್ನ ಎಷ್ಟು ಹೆದರ್ಸಿದ್ದೆ. ಅಕಿ ಯಾಕ ಬಂದ್ಲಬೇ?"

"ನನ್ನ ಕೇಳಿದ್ರ ನನಗೇನ್ ಗೊತ್ತು," ಎಂದಳು ನೀಲಗಂಗಮ್ಮ. "ಅಕಿನ್ನ ಕೇಳು, ಹೋಗು." ಎಂದವಳು ಹೆಡ್‌ಮಾಸ್ತರರ ಕೋಣೆಯ ಕಡೆ ನಡೆದಳು.